ಕಗ್ಗಂಟಾದ ಮಾಹಿತಿಯನ್ನು ಚಿತ್ರದಲ್ಲಿ ಬಿಡಿಸಿಡುವುದು ಹೇಗೆ?

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಮ್ಮ ಕೈಗೆ ಎರಡು ಪುಟದ ಚೀಟಿ ಕೊಟ್ಟಿದ್ದರು. ಏಳು ಬಗೆಯ ಮಾತ್ರೆ. ಒಂದೊಂದಕ್ಕೂ ಎರಡು ಮೂರು ಸಾಲು: ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನದ ತನಕ. ಬರೆದದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ಆದರೂ ಮೂರು ಸಲ ಓದಿದ ಮೇಲೂ "ಈಗ ರಾತ್ರಿ ಯಾವ್ಯಾವುದು ಕೊಡಬೇಕು?" ಅನ್ನುವುದು ನನಗೆ ಹೊಳೆಯಲಿಲ್ಲ. ಕೊನೆಗೆ ಒಂದು ಬಿಳಿ ಹಾಳೆ ತೆಗೆದುಕೊಂಡು, ಅಡ್ಡಗೆರೆ ಉದ್ದಗೆರೆ ಎಳೆದು, ಅದೇ ವಿಷಯವನ್ನು ಚೌಕಗಳಲ್ಲಿ ತುಂಬಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಹೊಸದಾಗಿ ಒಂದಕ್ಷರವನ್ನೂ ಸೇರಿಸಿರಲಿಲ್ಲ. ಇದ್ದದ್ದರ ಜಾಗ ಬದಲಾಗಿತ್ತು, ಅಷ್ಟೇ. ಅಮ್ಮ ಮಾರನೇ ದಿನದಿಂದ ನನ್ನನ್ನು ಕೇಳುವುದನ್ನು ಬಿಟ್ಟರು.

ವರದಿ, ಸೂಚನೆ, ಅಂಕಿಅಂಶಗಳನ್ನು ಚಿತ್ರ ಮಾಡಿಕೊಡುವುದು ನನ್ನ ಹೊಟ್ಟೆಪಾಡಿನ ಕೆಲಸ. ಅಲ್ಲೂ ನಡೆಯುವುದು ಇದೇ. ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. "ನನಗೆ ಚಿತ್ರ ಬಿಡಿಸೋಕೆ ಬರಲ್ಲ" ಅನ್ನುವವರು ಹೆದರಬೇಡಿ. ಗೆರೆ, ಚೌಕ, ಬಾಣ ಎಳೆಯಲು ಬಂದರೆ ಸಾಕು.

ಹಂತ 1: ಮೊದಲು ಪ್ರಶ್ನೆಯನ್ನು ಬರೆದುಕೊಳ್ಳಿ

ಕಂಪ್ಯೂಟರ್ ತೆರೆಯಬೇಡಿ. ಒಂದು ಚೀಟಿಯ ಮೇಲೆ ಇಷ್ಟು ಬರೆಯಿರಿ: ಇದನ್ನು ನೋಡುವವರು ಯಾರು, ಎಲ್ಲಿ ನಿಂತು ನೋಡುತ್ತಾರೆ, ಅವರ ತಲೆಯಲ್ಲಿರುವ ಪ್ರಶ್ನೆ ಏನು. ಪ್ರಶ್ನೆ ಒಂದೇ ಇರಲಿ. ಮೂರು ಪ್ರಶ್ನೆ ಬಂದರೆ ಮೂರು ಚಿತ್ರ ಬೇಕು ಅಂತ ಅರ್ಥ.

ಇದು ತೀರಾ ಸಣ್ಣ ವಿಷಯ ಅನ್ನಿಸಬಹುದು. ಆದರೆ ಚಿತ್ರದ ಆಕಾರ ಹುಟ್ಟುವುದೇ ಇಲ್ಲಿ. ನನ್ನ ಮೊದಲ ಹಾಳೆಯಲ್ಲಿ ಸಾಲಿಗೊಂದು ಮಾತ್ರೆ ಇತ್ತು, ಮೇಲುಗಡೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಇತ್ತು. ನೋಡಲು ಅಚ್ಚುಕಟ್ಟು. ಆದರೆ ಅದು ಉತ್ತರಿಸುತ್ತಿದ್ದದ್ದು "ಈ ಮಾತ್ರೆ ಯಾವಾಗ?" ಅನ್ನುವ ಪ್ರಶ್ನೆಗೆ. ಅದು ವೈದ್ಯರ ಪ್ರಶ್ನೆ. ಅಮ್ಮನ ಪ್ರಶ್ನೆ "ಈಗ ಯಾವ ಮಾತ್ರೆ?" ಎರಡನೇ ಹಾಳೆಯಲ್ಲಿ ಸಾಲಿಗೊಂದು ಹೊತ್ತು ಬಂತು. ಬೆಳಗ್ಗೆ ತಿಂಡಿಗೆ ಮುಂಚೆ, ತಿಂಡಿ ಆದ ಮೇಲೆ, ಹೀಗೆ. ಆ ಹೊತ್ತಿನ ಸಾಲಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಹೋದರೆ ಮುಗಿಯಿತು.

1854ರಲ್ಲಿ ಲಂಡನ್ನಿನ ಸೋಹೋ ಭಾಗದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಕೇಳಿಕೊಂಡ ಪ್ರಶ್ನೆಯೂ ಹೀಗೇ ಚೊಕ್ಕವಾಗಿತ್ತು: ಸತ್ತವರು ಯಾವ ಪಂಪಿನ ನೀರು ಕುಡಿಯುತ್ತಿದ್ದರು? ರಸ್ತೆಗಳ ನಕ್ಷೆಯ ಮೇಲೆ ಪ್ರತಿ ಸಾವಿಗೂ ಆ ಮನೆಯ ಪಕ್ಕ ಒಂದು ಕಪ್ಪು ಗೀಟು, ಜೊತೆಗೆ ನೀರಿನ ಪಂಪುಗಳ ಗುರುತು. ಅಷ್ಟೇ. ಸತ್ತವರ ವಯಸ್ಸು, ಕಸುಬು, ಸತ್ತ ತಾರೀಖು ಯಾವುದೂ ಇಲ್ಲ. ಕಪ್ಪು ಗೀಟುಗಳು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಮುತ್ತಿಕೊಂಡಿದ್ದು ಎದ್ದು ಕಾಣುತ್ತದೆ. ಅಂದಹಾಗೆ, ಈ ನಕ್ಷೆ ನೋಡಿ ಪಂಪಿನ ಹಿಡಿ ಕಿತ್ತರು ಅನ್ನುವ ಕಥೆ ತುಂಬಾ ಓಡಾಡುತ್ತದೆ. ಹಿಡಿ ತೆಗೆದದ್ದು ಸೆಪ್ಟೆಂಬರ್ 8ಕ್ಕೆ, ನಕ್ಷೆ ಜನರ ಮುಂದೆ ಬಂದದ್ದು ಅದಾಗಿ ತಿಂಗಳುಗಳ ಮೇಲೆ. ಕಾಯಿಲೆ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ನಂಬಿದ್ದವರಿಗೆ ಆತ ವಿಷಯ ಮನದಟ್ಟು ಮಾಡಬೇಕಿತ್ತು. ಅದಕ್ಕೆ ಬೇಕಾಗಿತ್ತು ಆ ಚಿತ್ರ.

ಹಂತ 2: ಕೈಯಲ್ಲಿರುವ ಮಾಹಿತಿ ಪೂರ್ತಿ ಇದೆಯಾ ನೋಡಿ

ಬಹಳ ಜನ ಹಾರಿಬಿಡುವ ಹಂತ ಇದು. ನಾನೂ ಹಾರಿ ಪೆಟ್ಟು ತಿಂದಿದ್ದೇನೆ.

1986ರ ಜನವರಿ 27ರ ರಾತ್ರಿ. ಮರುದಿನ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ಚಳಿ ವಿಪರೀತ. ರಾಕೆಟ್ಟಿನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಚಳಿಗೆ ಪೆಡಸಾಗುತ್ತವೆ, ಹಾರಿಸುವುದು ಬೇಡ ಎಂದು ಆ ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರುಗಳು ಹೇಳಿದರು. ಚರ್ಚೆಯಲ್ಲಿ ಎಲ್ಲರ ಕಣ್ಣು ಇದ್ದದ್ದು ಹಿಂದೆ ಉಂಗುರ ಹಾಳಾಗಿದ್ದ ಹಾರಾಟಗಳ ಮೇಲೆ. ಅವುಗಳಲ್ಲಿ ತಂಪು ದಿನವೂ ಇತ್ತು, ಬೆಚ್ಚನೆಯ ದಿನವೂ ಇತ್ತು. ಹಾಗಾಗಿ ಚಳಿಗೂ ಹಾನಿಗೂ ನಂಟು ಇದೆ ಅಂತ ಗಟ್ಟಿಯಾಗಿ ತೋರಿಸಲು ಆಗಲಿಲ್ಲ. ನೌಕೆ ಹಾರಿತು, ಏಳು ಜನ ಸತ್ತರು.

ಆಮೇಲೆ ತನಿಖಾ ಆಯೋಗ ಒಂದು ಸಣ್ಣ ಕೆಲಸ ಮಾಡಿತು. ಉಷ್ಣಾಂಶಕ್ಕೆ ತಕ್ಕಂತೆ ಹಾರಾಟಕ್ಕೊಂದು ಚುಕ್ಕಿ ಇಟ್ಟು, ಏನೂ ಹಾನಿಯಾಗದ ಹಾರಾಟಗಳನ್ನೂ ಅದೇ ಚಿತ್ರಕ್ಕೆ ಸೇರಿಸಿತು. ಆಗ ಕಂಡದ್ದು ಇದು: 66 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 19 ಡಿಗ್ರಿ ಸೆಲ್ಸಿಯಸ್ ಮತ್ತು ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಹಾನಿಯಾದದ್ದು 3ಕ್ಕೆ. ಅದಕ್ಕಿಂತ ತಣ್ಣಗಿದ್ದ 4 ಹಾರಾಟಗಳಲ್ಲಿ ನಾಲ್ಕಕ್ಕೂ. ಆ ಒಂದು ಚಿತ್ರ ಇದ್ದಿದ್ದರೆ ಎಲ್ಲರೂ ಒಪ್ಪಿಬಿಡುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಹಾರಿಸಲೇಬೇಕು ಅನ್ನುವ ಒತ್ತಡವೂ ಇತ್ತು. ಆದರೆ ಕೆಟ್ಟದ್ದನ್ನು ತೋರಿಸುವಾಗ ಕೆಡದೇ ಇದ್ದದ್ದನ್ನೂ ಪಕ್ಕದಲ್ಲಿ ಇಡಬೇಕು ಅನ್ನುವುದನ್ನು ನಾನು ಇಲ್ಲಿಂದಲೇ ಕಲಿತೆ. ದೂರುಗಳ ಪಟ್ಟಿ ಕೊಟ್ಟು "ಇದನ್ನು ಚಾರ್ಟ್ ಮಾಡಿ" ಅಂತ ಯಾರಾದರೂ ಅಂದರೆ, ದೂರು ಬಾರದ ದಿನಗಳ ಲೆಕ್ಕ ಎಲ್ಲಿ ಅಂತ ಮೊದಲು ಕೇಳುತ್ತೇನೆ.

ಇನ್ನೊಂದು. ಸರಾಸರಿ ತೆಗೆಯುವ ಮೊದಲು ಚುಕ್ಕಿ ಇಟ್ಟು ನೋಡಿ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೊಂಬ್ ಎಂಬ ಸಂಖ್ಯಾಶಾಸ್ತ್ರಜ್ಞ ನಾಲ್ಕು ಸಣ್ಣ ಪಟ್ಟಿಗಳನ್ನು ಮಾಡಿ ತೋರಿಸಿದ. ಒಂದೊಂದರಲ್ಲಿ 11 ಜೋಡಿ ಸಂಖ್ಯೆ. ನಾಲ್ಕರ ಸರಾಸರಿಯೂ ಒಂದೇ, ಲೆಕ್ಕ ಹಾಕಿ ಚುಕ್ಕಿಗಳ ನಡುವೆ ಎಳೆಯುವ ನೇರ ಗೆರೆಯೂ ಒಂದೇ. ಚುಕ್ಕಿ ಇಟ್ಟರೆ ಒಂದು ಚದುರಿಕೊಂಡಿದೆ, ಒಂದು ಬಿಲ್ಲಿನ ಹಾಗೆ ಬಾಗಿದೆ, ಒಂದರಲ್ಲಿ ನೇರ ಸಾಲು ಬಿಟ್ಟು ಒಂದು ಚುಕ್ಕಿ ಓಡಿಹೋಗಿದೆ, ಇನ್ನೊಂದರಲ್ಲಿ ಹತ್ತು ಚುಕ್ಕಿ ಕಂಬದ ಹಾಗೆ ನಿಂತು ಒಂದು ಮಾತ್ರ ದೂರದಲ್ಲಿದೆ. ಲೆಕ್ಕ ಮುಚ್ಚಿಟ್ಟದ್ದನ್ನು ಕಣ್ಣು ಹಿಡಿಯುತ್ತದೆ.

ಹಂತ 3: ಮಾಹಿತಿಗೆ ತಕ್ಕ ಆಕಾರ

ಬೇರೆ ಬೇರೆ ವಸ್ತುಗಳನ್ನು ಹೋಲಿಸಬೇಕೇ? ಪಟ್ಟಿಗಳ ಚಾರ್ಟ್ (ಬಾರ್ ಚಾರ್ಟ್). ಕಾಲ ಕಳೆದಂತೆ ಏರಿಳಿತವೇ? ಗೆರೆ. ಎರಡು ಸಂಗತಿಗಳಿಗೆ ನಂಟಿದೆಯಾ ನೋಡಬೇಕೇ? ಚುಕ್ಕಿಗಳು. ಜಾಗ ಮುಖ್ಯವಾಗಿದ್ದರೆ ಮಾತ್ರ ನಕ್ಷೆ. ಊರಿನ ಹೆಸರು ಇದೆ ಅನ್ನುವ ಒಂದೇ ಕಾರಣಕ್ಕೆ ನಕ್ಷೆ ಮಾಡುವುದು ಸುಮ್ನೆ ಶ್ರಮ. ಓದುಗರು ತಮಗೆ ಬೇಕಾದ ನಿಖರ ಸಂಖ್ಯೆ ಹುಡುಕುತ್ತಾರೆ ಅಂತಾದರೆ ಸಾದಾ ಕೋಷ್ಟಕವೇ ಮೇಲು. ಇರುವುದೇ ಎರಡು ಸಂಖ್ಯೆಯಾದರೆ ಒಂದು ವಾಕ್ಯ ಬರೆದು ಸುಮ್ಮನಾಗಿ.

ಇದರ ಹಿಂದೆ ಒಂದು ಕಾರಣ ಇದೆ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಒಂದೇ ಅಳತೆಪಟ್ಟಿಯ ಮೇಲೆ ಯಾವುದು ಎಲ್ಲಿದೆ ಎಂದು ನಮ್ಮ ಕಣ್ಣು ಚೆನ್ನಾಗಿ ಅಳೆಯುತ್ತದೆ. ಉದ್ದ, ಕೋನಗಳನ್ನು ಅದಕ್ಕಿಂತ ಕಡಿಮೆ, ವಿಸ್ತೀರ್ಣವನ್ನು ಇನ್ನೂ ಕಡಿಮೆ. ಪೈ ಚಾರ್ಟಿನಲ್ಲಿ, ಅಂದರೆ ವೃತ್ತವನ್ನು ತುಂಡು ಮಾಡಿ ತೋರಿಸುವ ಚಿತ್ರದಲ್ಲಿ, 23 ಮತ್ತು 26ರ ನಡುವಿನ ಅಂತರ ಕಾಣದಿರುವುದು ಇದಕ್ಕೇ. ಅದೇ ಎರಡು ಸಂಖ್ಯೆಯನ್ನು ಪಟ್ಟಿಗಳಾಗಿ ಎಳೆದು ಅಕ್ಕಪಕ್ಕ ನಿಲ್ಲಿಸಿ, ಮಗುವೂ ಹೇಳುತ್ತದೆ ಯಾವುದು ದೊಡ್ಡದು ಅಂತ. ಪೈ ಕಂಡರೆ ನನಗೆ ದ್ವೇಷ ಏನಿಲ್ಲ. ಎರಡೋ ಮೂರೋ ತುಂಡು, ಅದರಲ್ಲಿ ಒಂದು ಅರ್ಧಕ್ಕಿಂತ ಜಾಸ್ತಿ ಇದೆ ಅಂತ ತೋರಿಸಬೇಕಾದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೂರು ಆಯಾಮದ ಪೈ ಮಾತ್ರ ಬೇಡವೇ ಬೇಡ. ಮುಂದಿನ ತುಂಡು ಸುಮ್ಮಸುಮ್ಮನೆ ದಪ್ಪಗೆ ಕಾಣುತ್ತದೆ.

ವಿಧಾನವನ್ನು, ಅಂದರೆ ಒಂದಾದ ಮೇಲೊಂದು ಮಾಡುವ ಕೆಲಸವನ್ನು ತೋರಿಸುವಾಗ ಚೌಕ ಮತ್ತು ಬಾಣ ಸಾಕು. ಒಂದು ಚೌಕಕ್ಕೆ ಒಂದೇ ಕ್ರಿಯೆ. "ಅರ್ಜಿ ಪರಿಶೀಲನೆ" ಅಂತ ಬರೆದರೆ ಯಾರು ಪರಿಶೀಲಿಸುವುದು ಅಂತ ಗೊತ್ತಾಗುವುದಿಲ್ಲ. "ಗುಮಾಸ್ತರು ಅರ್ಜಿ ನೋಡುತ್ತಾರೆ" ಅಂತ ಬರೆಯಿರಿ. ದಾರಿ ಕವಲಾಗುವ ಕಡೆ ಪ್ರಶ್ನೆ ಇರಲಿ, ಹೌದು ಮತ್ತು ಇಲ್ಲ ಅನ್ನುವ ಎರಡು ಬಾಣಗಳಿರಲಿ. "ಇಲ್ಲ" ಬಾಣ ಎಲ್ಲಿಗೂ ಹೋಗದೆ ಗಾಳಿಯಲ್ಲಿ ನಿಲ್ಲುವುದನ್ನು ನಾನು ಎಷ್ಟು ಚಿತ್ರಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಓದುಗರಿಗೆ ಹೆಚ್ಚಾಗಿ ಬೇಕಿರುವುದು ಆ ಬಾಣದ ಗತಿಯೇ ಅಲ್ವಾ?

ಹಂತ 4: ಪೆನ್ಸಿಲ್ ಹಿಡಿಯಿರಿ

ಕಾಗದದ ಮೇಲೆ ನಾಲ್ಕೈದು ಬಗೆಯಲ್ಲಿ ಗೀಚಿ. ಒಂದೊಂದಕ್ಕೆ ಎರಡು ನಿಮಿಷ. ಗೀಚಿದ್ದನ್ನು ಹರಿದು ಹಾಕಲು ಮನಸ್ಸು ನೋಯುವುದಿಲ್ಲ. ಕಂಪ್ಯೂಟರಿನಲ್ಲಿ ಮೂರು ಗಂಟೆ ಕೂತು ಮಾಡಿದ್ದನ್ನು ಬಿಡಲು ಆಗುವುದಿಲ್ಲ, ಕೆಟ್ಟದಾಗಿದ್ದರೂ.

ಹಂತ 5: ಹತ್ತಿರ, ದೂರ, ಸಾಲು

ಹತ್ತಿರ ಇರುವುದನ್ನು ಕಣ್ಣು ಒಂದು ಗುಂಪು ಅಂತ ಎಣಿಸುತ್ತದೆ. ಮನಃಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲಿ ಬರೀ ಚುಕ್ಕಿಗಳನ್ನು ಇಟ್ಟು ಇದನ್ನು ವಿವರಿಸಿದ್ದ. ಒಂದೇ ಬಣ್ಣ, ಒಂದೇ ಆಕಾರ ಇರುವುದೂ ಒಂದು ಗುಂಪಾಗಿ ಕಾಣುತ್ತದೆ. ಇದನ್ನು ಬಳಸಿಕೊಂಡರೆ ಎಲ್ಲದಕ್ಕೂ ಪೆಟ್ಟಿಗೆ ಕಟ್ಟುವ ಚಟ ಬಿಟ್ಟುಹೋಗುತ್ತದೆ. ಎರಡು ಗುಂಪಿನ ನಡುವೆ ಬೆರಳಗಲ ಖಾಲಿ ಜಾಗ ಬಿಡಿ, ಗೆರೆ ಬೇಕಾಗುವುದಿಲ್ಲ. ಖಾಲಿ ಜಾಗ ದಂಡ ಅಂತ ಕೆಲವರಿಗೆ ಅನ್ನಿಸುತ್ತದೆ. ಅವರಿಗೆ ಒಂದು ಪುಟದಲ್ಲಿ ತುಂಬಿಸುವ ಹಟ ಬಿಡಿಸಿ ಎರಡು ಪುಟ ಕೊಡಿ.

ಬೇಡದ್ದನ್ನು ಬಿಡುವ ಧೈರ್ಯಕ್ಕೆ ನನಗೆ ಹಿಡಿಸಿದ ಉದಾಹರಣೆ ಲಂಡನ್ನಿನ ಸುರಂಗ ರೈಲಿನ ನಕ್ಷೆ. ಹ್ಯಾರಿ ಬೆಕ್ ಎಂಬ ನಕಾಶೆಗಾರ 1931ರಲ್ಲಿ ಅದನ್ನು ಬರೆದ. ಎಲ್ಲ ಮಾರ್ಗಗಳೂ ಅಡ್ಡ, ಉದ್ದ ಅಥವಾ 45 ಡಿಗ್ರಿ ಓರೆ. ನಿಲ್ದಾಣಗಳ ನಡುವೆ ಹೆಚ್ಚುಕಡಿಮೆ ಒಂದೇ ಅಂತರ. ನೆಲದ ಮೇಲಿನ ನಿಜವಾದ ದೂರ, ತಿರುವು ಎಲ್ಲವನ್ನೂ ಬಿಟ್ಟಿದ್ದ. ಮೇಲಿನವರು ಮೊದಲು ಒಪ್ಪಲಿಲ್ಲ. 1933ರಲ್ಲಿ ಜೇಬಿನಲ್ಲಿಡುವ ನಕ್ಷೆಯಾಗಿ ಅಚ್ಚಾದಾಗ ಜನ ಕೈಚಾಚಿ ತೆಗೆದುಕೊಂಡರು. ರೈಲಿನೊಳಗೆ ಕೂತವನಿಗೆ ಬೇಕಾದದ್ದು "ಎಲ್ಲಿ ಇಳಿದು ಯಾವ ಮಾರ್ಗ ಹತ್ತಬೇಕು" ಅನ್ನುವುದು ಮಾತ್ರ. ಅದೇ ನಕ್ಷೆ ಹಿಡಿದು "ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ನಡೆದುಕೊಂಡು ಹೋಗಬಹುದಾ?" ಅಂತ ಕೇಳಿದರೆ ತಪ್ಪು ಉತ್ತರ ಸಿಗುತ್ತದೆ. ಹಂತ 1ರ ಚೀಟಿಯನ್ನು ಕೆಲಸ ಮುಗಿಯುವ ತನಕ ಕಣ್ಣೆದುರೇ ಇಟ್ಟುಕೊಳ್ಳಿ ಅನ್ನುವುದು ಇದಕ್ಕೆ.

ಹಂತ 6: ಬಣ್ಣ ಕೊನೆಗೆ ಬರಲಿ

ಮೊದಲು ಎಲ್ಲವನ್ನೂ ಬೂದು ಬಣ್ಣದಲ್ಲಿ ಮಾಡಿ ಮುಗಿಸಿ. ಆಮೇಲೆ ಓದುಗರ ಕಣ್ಣು ಮೊದಲು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಒಂದೇ ಒಂದು ಗಾಢ ಬಣ್ಣ ಹಾಕಿ. ಎಂಟು ಪಟ್ಟಿಗೆ ಎಂಟು ಬಣ್ಣ ಹಚ್ಚಿದರೆ ಜಾತ್ರೆಯಾಗುತ್ತದೆ, ಯಾವುದೂ ಕಾಣುವುದಿಲ್ಲ.

ಕಡಿಮೆಯಿಂದ ಹೆಚ್ಚಿಗೆ ಹೋಗುವ ಅಳತೆಗೆ ಒಂದೇ ಬಣ್ಣದ ತಿಳಿಯಿಂದ ಗಾಢದವರೆಗಿನ ಛಾಯೆ ಬಳಸಿ. ಕಾಮನಬಿಲ್ಲು ಬೇಡ. ಹಳದಿ ದೊಡ್ಡದೋ ನೇರಳೆ ದೊಡ್ಡದೋ ಅಂತ ಯಾರಿಗೂ ಹುಟ್ಟಿನಿಂದ ಗೊತ್ತಿರುವುದಿಲ್ಲ. ಕೆಂಪು ಮತ್ತು ಹಸಿರಿನಿಂದಲೇ ಅರ್ಥ ಹೇಳುವುದೂ ಅಪಾಯ. ಈ ಎರಡನ್ನು ಬೇರ್ಪಡಿಸಿ ನೋಡಲಾಗದ ಜನ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರು. ಬಣ್ಣದ ಜೊತೆಗೆ ಗುರುತನ್ನೋ ಪದವನ್ನೋ ಸೇರಿಸಿ. ನಂತರ ಇಡೀ ಚಿತ್ರವನ್ನು ಕಪ್ಪು ಬಿಳುಪಿಗೆ ತಿರುಗಿಸಿ ನೋಡಿ. ಆಗಲೂ ಅರ್ಥವಾದರೆ ಪಾಸು. ವೆಬ್‌ಗೆ ಹಾಕುವ ಚಿತ್ರವಾದರೆ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಹೊಳಪಿನ ವ್ಯತ್ಯಾಸ ಕಡೇಪಕ್ಷ 4.5ಕ್ಕೆ 1 ಇರಬೇಕು ಎಂದು ಎಲ್ಲರಿಗೂ ಎಟುಕುವ ವಿನ್ಯಾಸದ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಇದನ್ನು ಅಳೆದುಕೊಡುವ ಉಚಿತ ಸಾಧನಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ.

ಹಂತ 7: ಅಕ್ಷರ, ಅದರಲ್ಲೂ ಕನ್ನಡ ಅಕ್ಷರ

ಶೀರ್ಷಿಕೆಯಲ್ಲಿ ವಿಷಯದ ಹೆಸರು ಹಾಕಿ ಸುಮ್ಮನಾಗಬೇಡಿ, ಕಂಡದ್ದನ್ನು ಹೇಳಿ. "ಗ್ರಂಥಾಲಯದ ಮಾಸಿಕ ಎರವಲು" ಅಂದರೆ ಓದುಗರೇ ಹುಡುಕಿಕೊಳ್ಳಬೇಕು. "ಪರೀಕ್ಷೆ ತಿಂಗಳಲ್ಲಿ ಎರವಲು ಇಮ್ಮಡಿ" ಅಂದರೆ ಚಿತ್ರ ನೋಡುವ ಮೊದಲೇ ಏನು ಹುಡುಕಬೇಕು ಅಂತ ಗೊತ್ತಾಗುತ್ತದೆ. ಬಣ್ಣದ ಚೌಕಗಳ ಸೂಚಿಯನ್ನು ಮೂಲೆಯಲ್ಲಿ ಇಡುವ ಬದಲು ಹೆಸರನ್ನು ಗೆರೆಯ ತುದಿಯಲ್ಲೇ ಬರೆಯಿರಿ. ಕಣ್ಣಿಗೆ ಅತ್ತಿತ್ತ ಓಡಾಟ ತಪ್ಪುತ್ತದೆ.

ಕನ್ನಡದಲ್ಲಿ ಮಾಡುವಾಗ ಇನ್ನೂ ಕೆಲವು ಕಿರಿಕಿರಿಗಳಿವೆ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಗುಡಿಸುಗಳು ಮೇಲೆ ಏರುತ್ತವೆ. ಸಾಲುಗಳ ನಡುವಿನ ಅಂತರವನ್ನು ಸಾಫ್ಟ್‌ವೇರ್ ಕೊಟ್ಟ ಹಾಗೇ ಬಿಟ್ಟರೆ "ರಾಷ್ಟ್ರ"ದ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಅಕ್ಷರದ ಎತ್ತರದ ಒಂದೂವರೆ ಪಟ್ಟಿನಿಂದ ಶುರು ಮಾಡಿ, ಕಣ್ಣಳತೆಯಲ್ಲಿ ಸರಿಪಡಿಸಿ. ಪದ ಎದ್ದು ಕಾಣಲಿ ಅಂತ ಅಕ್ಷರವನ್ನು ಓರೆ ಮಾಡಬೇಡಿ, ಕನ್ನಡಕ್ಕೆ ಅದು ಕುಂಟಿದ ಹಾಗೆ ಕಾಣುತ್ತದೆ. ದಪ್ಪ ಅಕ್ಷರ ಬಳಸಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ 2 ಮುಂತಾದ ಉಚಿತ ಫಾಂಟ್‌ಗಳಲ್ಲಿ ಹಲವು ದಪ್ಪಗಳು ಸಿಗುತ್ತವೆ. ನಮ್ಮ ಪದಗಳು ಉದ್ದ, ಹಾಗಾಗಿ ನಿಂತ ಪಟ್ಟಿಗಳ ಕೆಳಗೆ ಹೆಸರುಗಳು ಹಿಡಿಯುವುದಿಲ್ಲ. ಹೆಸರನ್ನು ತಿರುಗಿಸಿ ಓದುಗರ ಕತ್ತು ಹೊರಳಿಸುವುದಕ್ಕಿಂತ ಪಟ್ಟಿಗಳನ್ನೇ ಮಲಗಿಸಿ. ಕೊನೆಯದಾಗಿ, ಪಿಡಿಎಫ್ ಅಥವಾ ಚಿತ್ರವಾಗಿ ಉಳಿಸಿದ ಮೇಲೆ ತೆರೆದು ಪ್ರತಿ ಪದ ಓದಿ. ಪರದೆಯ ಮೇಲೆ ಸರಿಯಿದ್ದ ಒತ್ತಕ್ಷರ ಉಳಿಸುವಾಗ ಒಡೆದು ಬಿಡಿಬಿಡಿಯಾಗಿ ಬರುವುದುಂಟು.

ಹಂತ 8: ಅಳತೆಯಲ್ಲಿ ಮೋಸ ಇಲ್ಲ ತಾನೇ?

ಪಟ್ಟಿ ಚಾರ್ಟ್ ಸೊನ್ನೆಯಿಂದಲೇ ಶುರುವಾಗಬೇಕು. ನಾವು ಹೋಲಿಸುವುದು ಉದ್ದವನ್ನು. ಬುಡ ಕತ್ತರಿಸಿ 90ರಿಂದ ಶುರು ಮಾಡಿದರೆ 92 ಮತ್ತು 96ರಲ್ಲಿ ಎರಡನೆಯದು ಮೂರು ಪಟ್ಟು ಎತ್ತರ ಕಾಣುತ್ತದೆ. ಗೆರೆ ಚಾರ್ಟಿಗೆ ಈ ನಿಯಮ ಅಷ್ಟು ಬಿಗಿ ಅಲ್ಲ. ಅಲ್ಲಿ ನೋಡುವುದು ಏರಿಳಿತ. ಜ್ವರದ ಚಾರ್ಟನ್ನು ಸೊನ್ನೆಯಿಂದ ಶುರು ಮಾಡಿದರೆ ಜ್ವರವೇ ಕಾಣದು.

ಚಿಕ್ಕ ಚಿತ್ರಗಳಿಂದ ಸಂಖ್ಯೆ ತೋರಿಸುವಾಗಲೂ ಎಚ್ಚರ. ಎರಡು ಪಟ್ಟು ಜನ ಅನ್ನಲು ಮನುಷ್ಯನ ಗೊಂಬೆಯನ್ನು ಎರಡು ಪಟ್ಟು ಎತ್ತರ, ಎರಡು ಪಟ್ಟು ಅಗಲ ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. 1920ರ ದಶಕದಲ್ಲಿ ವಿಯೆನ್ನಾದಲ್ಲಿ ಆಟೋ ನ್ಯೂರಾತ್ ಮತ್ತು ಸಂಗಡಿಗರು ಇದಕ್ಕೆ ಸರಳ ದಾರಿ ಹಿಡಿದರು. ಗೊಂಬೆಯ ಅಳತೆ ಬದಲಾಗದು, ಗೊಂಬೆಗಳ ಎಣಿಕೆ ಹೆಚ್ಚುತ್ತದೆ.

ಹಂತ 9: ತೋರಿಸಿ, ಬಾಯಿ ಮುಚ್ಚಿಕೊಂಡು ಕೂತಿರಿ

ವಿಷಯ ಗೊತ್ತಿಲ್ಲದ ಒಬ್ಬರಿಗೆ ಚಿತ್ರ ಕೊಡಿ. ಐದು ಸೆಕೆಂಡಿನ ನಂತರ ತಿರುಗಿಸಿಟ್ಟು "ಇದರಲ್ಲಿ ಏನಿತ್ತು?" ಅಂತ ಕೇಳಿ. ಆಮೇಲೆ ಮತ್ತೆ ಕೊಟ್ಟು ನಿಮ್ಮ ಚೀಟಿಯಲ್ಲಿದ್ದ ಪ್ರಶ್ನೆ ಕೇಳಿ. "ಚೆನ್ನಾಗಿದೆಯಾ?" ಅಂತ ಮಾತ್ರ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅವರು ತಡವರಿಸಿದಾಗ ವಿವರಿಸಲು ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಿ. ಅವರ ಬೆರಳು ಎಲ್ಲಿ ನಿಂತಿತು ಅಂತ ಗುರುತು ಹಾಕಿಕೊಳ್ಳಿ. ಇಬ್ಬರು ಮೂವರು ಒಂದೇ ಕಡೆ ನಿಂತರೆ ತಪ್ಪು ಅಲ್ಲಿದೆ.

ಅಮ್ಮನ ಹಾಳೆಯಲ್ಲಿ ನಾನು ಇಡೀ ಮಾತ್ರೆಗೆ ತುಂಬಿದ ವೃತ್ತ, ಅರ್ಧ ಮಾತ್ರೆಗೆ ಅರ್ಧ ವೃತ್ತ ಹಾಕಿದ್ದೆ. ಬಹಳ ಜಾಣತನದ ಗುರುತು ಅಂದುಕೊಂಡಿದ್ದೆ. ಫ್ರಿಜ್‌ಗೆ ಅಂಟಿಸುವ ಮುಂಚೆ "ಬೆಳಗ್ಗೆ ಏನೇನು ತಗೋಬೇಕು, ಹೇಳಮ್ಮ" ಅಂದೆ. ಅಮ್ಮ ಅರ್ಧ ವೃತ್ತದ ಮಾತ್ರೆ ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳಿದರು. "ಅದ್ಯಾಕೆ ಬಿಟ್ಟೆ?" ಅಂದರೆ, "ಚಂದ್ರ ಹಾಕಿದ್ದೀಯಲ್ಲ, ರಾತ್ರಿದು ಅಲ್ವಾ?" ಅಂದರು. ಗುರುತು ಅಳಿಸಿ "ಅರ್ಧ" ಅಂತ ಬರೆದೆ. ಹಾಗೇ ಔಷಧಿ ಅಂಗಡಿಯವರಿಗೂ ಚೀಟಿಯ ಪಕ್ಕ ಈ ಹಾಳೆ ಹಿಡಿದು ತೋರಿಸಿ, ಸಾಲು ಸಾಲಾಗಿ ತಾಳೆ ನೋಡಿಸಿಕೊಂಡೆ. ಇಂಥ ವಿಷಯದಲ್ಲಿ ಚಿತ್ರ ಅರ್ಥವಾದರೆ ಸಾಲದು, ಮೂಲದ ಹಾಗೇ ಇರಬೇಕು.

ಹಂತ 10: ಮೂಲೆಯಲ್ಲಿ ತಾರೀಖು

ಮಾಹಿತಿ ಎಲ್ಲಿಂದ ಬಂತು, ಯಾವ ದಿನದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆಯಿರಿ. ತಿದ್ದಲು ಬರುವ ಮೂಲ ಕಡತವನ್ನು ಉಳಿಸಿಕೊಳ್ಳಿ. ಹಳೆಯ ಪ್ರತಿಗಳು ಎಲ್ಲೆಲ್ಲಿ ಹೋಗಿವೆ ಅಂತ ನೆನಪಿಟ್ಟುಕೊಳ್ಳಿ.

ಈ ಹಂತವನ್ನು ನಾನು ಸೇರಿಸಿಕೊಂಡದ್ದು ತಡವಾಗಿ. ಎರಡು ವಾರದ ನಂತರ ವೈದ್ಯರು ಒಂದು ಮಾತ್ರೆ ನಿಲ್ಲಿಸಿದರು. ಹೊಸ ಹಾಳೆ ಮಾಡಿ ಫ್ರಿಜ್‌ಗೆ ಅಂಟಿಸಿದೆ. ಹಳೆಯದರ ಒಂದು ಪ್ರತಿ ಅಮ್ಮನ ಕೈಚೀಲದಲ್ಲಿತ್ತು. ಅಕ್ಕನ ಮನೆಗೆ ಹೋದ ದಿನ ಅದನ್ನೇ ನೋಡಿಕೊಂಡು ಮಾತ್ರೆ ಬಿಡಿಸುತ್ತಿದ್ದರಂತೆ. ಎರಡೂ ಹಾಳೆ ನೋಡಲು ಒಂದೇ ಥರ. ಅಕ್ಕ ಫೋನ್ ಮಾಡಿ "ಈ ಹಾಳೆ ಹೊಸದೋ ಹಳೆಯದೋ?" ಅಂತ ಕೇಳಿದಳು. ಅವಳ ಕೈಯಲ್ಲಿದ್ದ ಹಾಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.